ಬೆಳಕು ಬಿದ್ದಾಗ ಮಾತ್ರ ಔಷಧಿ ಬಿಡೋ ಪಾಲಿಮರ್ ಮತ್ತು ಗಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಕಿನಿಂದ ಔಷಧಿ ಬಿಡಿಸೋದು ಅಂದ್ರೆ ಏನು, ಮೊದ್ಲು ಅದನ್ನ ಸರಳವಾಗಿ ಹೇಳಿ

ಒಂದು ಮೆತ್ತಗಿನ ಜೆಲ್ ಇದೆ ಅನ್ಕೊಳ್ಳಿ, ಅದರೊಳಗೆ ಔಷಧಿ ಸಿಕ್ಕಾಕೊಂಡಿದೆ. ಅದನ್ನ ಗಾಯದ ಮೇಲೆ ಇಡ್ತೀವಿ, ಸುಮ್ನೆ ಇಟ್ರೆ ಔಷಧಿ ಹೊರಗೆ ಬರಲ್ಲ, ಅಥವಾ ತುಂಬಾ ನಿಧಾನವಾಗಿ ಬರುತ್ತೆ. ನಿರ್ದಿಷ್ಟ ಬಣ್ಣದ ಬೆಳಕನ್ನ ಬಿಟ್ಟಾಗ ಜೆಲ್ ಒಳಗಿನ ಏನೋ ಒಂದು ಬದಲಾಗುತ್ತೆ, ಔಷಧಿ ಹೊರಗೆ ಬರುತ್ತೆ. ಬೆಳಕು ಆಫ್ ಮಾಡಿದ್ರೆ ನಿಲ್ಲುತ್ತೆ, ಇಲ್ಲ ಕಮ್ಮಿ ಆಗುತ್ತೆ. ಇಷ್ಟೇ ವಿಷಯ. ಯಾವಾಗ, ಎಲ್ಲಿ, ಎಷ್ಟು ಅನ್ನೋ ಮೂರನ್ನೂ ಹೊರಗಿಂದ ನಿರ್ಧಾರ ಮಾಡಬಹುದು ಅನ್ನೋದೇ ಇದರ ಆಸೆ, ಮತ್ತೆ ಆ ಮೂರರಲ್ಲಿ "ಯಾವಾಗ" ಅನ್ನೋದೇ ಗಾಯದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನಂಗೆ ಅನ್ಸುತ್ತೆ, ಯಾಕೆ ಅಂತ ಮುಂದಿನ ಉತ್ತರದಲ್ಲಿ ಬರೀತೀನಿ.

ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ರೆ ಸಾಲ್ದಾ? ಇಷ್ಟೆಲ್ಲ ಯಾಕೆ?

ಸಾಮಾನ್ಯ ತರಚು ಗಾಯಕ್ಕೆ ಧಾರಾಳವಾಗಿ ಸಾಕು, ಅದಕ್ಕೆ ಇದ್ಯಾವುದೂ ಬೇಡ. ತೊಂದ್ರೆ ಇರೋದು ತಿಂಗಳುಗಟ್ಟಲೆ ಮಾಯದ ಗಾಯಗಳಲ್ಲಿ, ಅಂದ್ರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಮಲಗಿದ್ದಲ್ಲೇ ಇರೋರಿಗೆ ಬೆನ್ನಲ್ಲಿ ಸೊಂಟದಲ್ಲಿ ಆಗೋ ಹುಣ್ಣು, ರಕ್ತನಾಳದ ತೊಂದರೆಯಿಂದ ಆಗೋ ಕಾಲಿನ ಹುಣ್ಣು, ದೊಡ್ಡ ಸುಟ್ಟ ಗಾಯ, ಇಂಥವು.

ಗಾಯ ಮಾಯೋದು ಒಂದೇ ಕೆಲಸ ಅಲ್ಲ, ಒಂದರ ಹಿಂದೆ ಒಂದು ನಾಲ್ಕು ಹಂತ. ಮೊದ್ಲು ರಕ್ತ ಹೆಪ್ಪುಗಟ್ಟುತ್ತೆ, ಅದು ನಿಮಿಷಗಳ ಲೆಕ್ಕ. ಆಮೇಲೆ ಉರಿಯೂತ, ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾ ಮತ್ತೆ ಸತ್ತ ಅಂಗಾಂಶ ಎಲ್ಲ ಗುಡಿಸಿ ಹಾಕೋ ಕೆಲಸ, ಇದು ಕೆಲವು ದಿನ. ಅದಾದ್ಮೇಲೆ ಹೊಸ ರಕ್ತನಾಳ, ಹೊಸ ಕೊಲಾಜನ್, ಅಂಚಿನಿಂದ ತೆವಳಿಕೊಂಡು ಬರೋ ಹೊಸ ಚರ್ಮ, ಇದು ವಾರಗಳು. ಕೊನೇಲಿ ಆ ಹೊಸ ಅಂಗಾಂಶ ಗಟ್ಟಿಯಾಗೋದು, ಇದು ಒಂದು ವರ್ಷ ಇಲ್ಲ ಅದಕ್ಕೂ ಹೆಚ್ಚು ಎಳೀಬಹುದು, ಅಷ್ಟು ಕಾದ್ರೂ ಆ ಜಾಗದ ಬಲ ಮೊದಲಿನ ಚರ್ಮದ ಸುಮಾರು 80 ಪರ್ಸೆಂಟ್ ತನಕ ಮಾತ್ರ ಬರುತ್ತೆ.

ಈಗ ನೋಡಿ, ಎರಡನೇ ಹಂತದಲ್ಲಿ ಬೇಕಾದ ಔಷಧಿ ಬೇರೆ, ಮೂರನೇದರಲ್ಲಿ ಬೇಕಾದ್ದು ಬೇರೆ. ಸೋಂಕು ಇರೋವಾಗ ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ ಬೇಕು, ಅದೇ ಔಷಧಿ ಜಾಸ್ತಿ ದಿನ ಜಾಸ್ತಿ ಪ್ರಮಾಣದಲ್ಲಿ ಇದ್ರೆ ಹೊಸ ಚರ್ಮದ ಕೋಶಗಳಿಗೂ ಪೆಟ್ಟು. ಉರಿಯೂತ ಬೇಗ ಅಡಗಿಸಿದ್ರೆ ಕಸ ಗುಡಿಸೋರೇ ಇಲ್ಲದಂಗೆ ಆಗುತ್ತೆ, ಅಡಗಿಸದೇ ಬಿಟ್ರೆ ಗಾಯ ಅಲ್ಲೇ ನಿಂತುಬಿಡುತ್ತೆ, ಮಾಯದ ಗಾಯಗಳು ಬಹುಪಾಲು ನಿಂತಿರೋದೇ ಈ ಎರಡನೇ ಹಂತದಲ್ಲಿ. ಮುಲಾಮಿಗೆ ಇದು ಯಾವುದೂ ಗೊತ್ತಿಲ್ಲ. ಹಚ್ಚಿದ ತಕ್ಷಣ ಹೆಚ್ಚಿನ ಪಾಲು ಒಂದೇ ಸಲ ಹೊರಗೆ ಬರುತ್ತೆ, ಗಾಯದಿಂದ ಒಸರೋ ನೀರಿನ ಜೊತೆ ತೊಳೆದು ಹೋಗುತ್ತೆ, ಮಾರನೇ ದಿನ ಮತ್ತೆ ಪಟ್ಟಿ ಬಿಚ್ಚಿ ಹಚ್ಚಬೇಕು. ಪಟ್ಟಿ ಬಿಚ್ಚೋದು ಅಂದ್ರೆ ಏನು ಅಂತ ಹತ್ತಿರದಿಂದ ನೋಡಿದೋರಿಗೆ ಗೊತ್ತು, ಒಣಗಿದ ಗಾಜ್ ಬಟ್ಟೆ ಅಂಟಿಕೊಂಡಿರುತ್ತೆ, ಸಲೈನ್ ಹಾಕಿ ನೆನೆಸಿದ್ರೂ ಎಳೆ ಎಳೆಯಾಗಿ ಕಿತ್ತು ಬರುತ್ತೆ, ನಿನ್ನೆ ರಾತ್ರಿ ಹುಟ್ಟಿದ ತೆಳು ಗುಲಾಬಿ ಪೊರೆ ಅದರ ಜೊತೆಗೇ ಕಿತ್ತು ಬಂದು ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣುತ್ತೆ. ದಿನಾ ಅಷ್ಟಷ್ಟು ಹಿಂದಕ್ಕೆ ಹೋದ ಹಾಗೆ.

ಒಂದು ಉದಾಹರಣೆ ಕೊಡ್ತೀನಿ. ಪಿಡಿಜಿಎಫ್ ಅನ್ನೋ ಬೆಳವಣಿಗೆಯ ಪ್ರೋಟೀನ್ ಇರೋ ಜೆಲ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಡ್ತು, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ. ಒಳ್ಳೆ ಔಷಧಿಯೇ, ಆದ್ರೆ ಇಂಥ ಪ್ರೋಟೀನ್‌ಗಳು ಗಾಯದೊಳಗೆ ಹೆಚ್ಚು ಹೊತ್ತು ಉಳಿಯಲ್ಲ, ಅಲ್ಲಿರೋ ಎಂಜೈಮ್‌ಗಳು ಕತ್ತರಿಸಿ ಹಾಕ್ತವೆ, ಹಾಗಾಗಿ ಅದನ್ನ ದಿನಾ ಹಚ್ಚಬೇಕು. ಅದನ್ನ ಬಚ್ಚಿಟ್ಟು ಬೇಕಾದಾಗ ಬೇಕಾದಷ್ಟೇ ಬಿಡೋ ಹಾಗಿದ್ರೆ ಅನ್ನೋ ಆಸೆ ಇಲ್ಲಿಂದಲೇ ಹುಟ್ಟಿದ್ದು.

ಪಾಲಿಮರ್ ಅಂದ್ರೆ ಪ್ಲಾಸ್ಟಿಕ್ ತಾನೇ? ಅದನ್ನ ಹಸಿ ಗಾಯದ ಮೇಲೆ ಇಡ್ತಾರಾ?

ಪ್ಲಾಸ್ಟಿಕ್ ಒಂದು ಥರದ ಪಾಲಿಮರ್ ಅಷ್ಟೇ. ನಿಮ್ಮ ಚರ್ಮದ ಕೊಲಾಜನ್ನೂ ಪಾಲಿಮರ್ರೇ, ಡಿಎನ್‌ಎ ಕೂಡ. ಒಂದೇ ಥರದ ಸಣ್ಣ ತುಂಡುಗಳು ಸರಪಳಿ ಹಾಗೆ ಸೇರಿಕೊಂಡ್ರೆ ಅದು ಪಾಲಿಮರ್.

ಗಾಯಕ್ಕೆ ಬಳಸೋದು ಹೆಚ್ಚಾಗಿ ಹೈಡ್ರೋಜೆಲ್, ಅಂದ್ರೆ ನೀರು ಕುಡಿದು ಉಬ್ಬಿದ ಪಾಲಿಮರ್ ಬಲೆ. ಅದರ ತೂಕದ ಬಹುಪಾಲು ನೀರೇ. 1960ರಲ್ಲಿ ವಿಖ್ಟರ್ಲೆ ಮತ್ತು ಲಿಮ್ ಅನ್ನೋ ಚೆಕ್ ವಿಜ್ಞಾನಿಗಳು ಇಂಥ ಜೆಲ್ ಬಗ್ಗೆ ನೇಚರ್ ಪತ್ರಿಕೇಲಿ ಬರೆದ್ರು, ಮೆತ್ತಗಿನ ಕಾಂಟ್ಯಾಕ್ಟ್ ಲೆನ್ಸ್ ಬಂದಿದ್ದು ಅದರಿಂದಲೇ, ಕಣ್ಣಿಗೇ ಇಡಬಹುದು ಅಂದ್ಮೇಲೆ ಗಾಯಕ್ಕೆ ಇಡೋದು ದೊಡ್ಡ ವಿಷಯ ಅಲ್ಲ. ಇನ್ನೊಂದು ವಿಷಯ, ಗಾಯ ಒಣಗಿ ಹಕ್ಕಳೆ ಕಟ್ಟಿದ್ರೇ ಒಳ್ಳೇದು ಅಂತ ತುಂಬಾ ಜನ ನಂಬಿದ್ರು, 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಹೈಡ್ರೋಜೆಲ್ ಆ ತೇವಾನೂ ಕಾಯುತ್ತೆ.

ಯಾವ ಪಾಲಿಮರ್ ಅಂದ್ರೆ, ಜೆಲಾಟಿನ್, ಹಯಲುರಾನಿಕ್ ಆಮ್ಲ, ಸೀಗಡಿ ಏಡಿ ಚಿಪ್ಪಿನಿಂದ ಬರೋ ಕೈಟೋಸಾನ್, ಕಡಲ ಪಾಚಿಯ ಆಲ್ಜಿನೇಟ್, ಇವು ಪ್ರಕೃತಿಯಿಂದ ಬಂದವು. ಪಿಇಜಿ, ಪಿಎಲ್‌ಜಿಎ, ಪಿನಿಪಾಮ್, ಇವು ಲ್ಯಾಬ್‌ನಲ್ಲಿ ಮಾಡಿದವು. ಜೆಲ್ ಒಂದೇ ರೂಪ ಅಲ್ಲ, ನ್ಯಾನೋ ಗಾತ್ರದ ಉಂಡೆ, ತೆಳು ನಾರಿನ ಹಾಳೆ, ಚರ್ಮಕ್ಕೆ ಚುಚ್ಚೋ ಸೂಕ್ಷ್ಮ ಸೂಜಿಗಳ ಪಟ್ಟಿ, ಇವುಗಳಲ್ಲೂ ಔಷಧಿ ತುಂಬ್ತಾರೆ.

ಬೆಳಕು ಬಿದ್ರೆ ಒಳಗೆ ನಿಜವಾಗ್ಲೂ ಏನಾಗುತ್ತೆ?

ಇದು ನಂಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ, ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಒಂದು ದಾರಿ ಅಂದ್ರೆ ಕತ್ತರಿಸೋದು. ಆರ್ಥೋ ನೈಟ್ರೋಬೆಂಜೈಲ್ ಅಂತ ಒಂದು ರಾಸಾಯನಿಕ ಗುಂಪಿದೆ, ಅದಕ್ಕೆ 365 ನ್ಯಾನೋಮೀಟರ್ (ಬೆಳಕಿನ ಬಣ್ಣ ಹೇಳೋ ಅಲೆಯುದ್ದದ ಲೆಕ್ಕ) ಸುತ್ತಮುತ್ತಲಿನ ಯುವಿ, ಅಂದ್ರೆ ನೇರಳಾತೀತ ಬೆಳಕು ತಾಗಿದ್ರೆ ಆ ಕೊಂಡಿ ಮುರಿಯುತ್ತೆ. 1978ರಲ್ಲೇ ಇಂಥ ಗುಂಪಿನಿಂದ ಕೋಶಗಳಿಗೆ ಶಕ್ತಿ ಕೊಡೋ ಎಟಿಪಿ ಅಣುವನ್ನ "ಪಂಜರದಲ್ಲಿ" ಇಟ್ಟು ಬೆಳಕಿನಿಂದ ಬಿಡಿಸಿದ್ರು. 2009ರಲ್ಲಿ ಕ್ಲಾಕ್ಸಿನ್, ಆನ್‌ಸೆತ್ ಮತ್ತವರ ಜೊತೆಗಾರರು ಇದೇ ಕೊಂಡಿ ಇರೋ ಪಿಇಜಿ ಜೆಲ್ ಮಾಡಿ ಬೆಳಕು ಬಿದ್ದ ಕಡೆ ಮಾತ್ರ ಜೆಲ್ ಕರಗೋ ಹಾಗೆ ತೋರಿಸಿದ್ರು, ಸೈನ್ಸ್ ಪತ್ರಿಕೇಲಿ ಬಂತು, ಈ ಕ್ಷೇತ್ರಕ್ಕೆ ಅದೊಂದು ದೊಡ್ಡ ಮೆಟ್ಟಿಲು. ಔಷಧೀನ ಈ ಕೊಂಡಿಯಿಂದ ಕಟ್ಟಿ ಹಾಕಬಹುದು, ಇಲ್ಲ ಬಲೆಯ ಗಂಟುಗಳಲ್ಲೇ ಕೊಂಡಿ ಇಟ್ಟು ಬಲೇನೇ ಸಡಿಲ ಮಾಡಬಹುದು. ಒಮ್ಮೆ ಕತ್ತರಿಸಿದ್ರೆ ಆಯ್ತು, ಮತ್ತೆ ಕೂಡಲ್ಲ.

ಕತ್ತರಿಸೋ ಬದ್ಲು ಮಡಚಬಹುದು. ಅಝೋಬೆಂಜೀನ್ ಅನ್ನೋ ಅಣು ನೆಟ್ಟಗೆ ಇರುತ್ತೆ, ಉದ್ದ ಸುಮಾರು 0.9 ನ್ಯಾನೋಮೀಟರ್. ಯುವಿ ಬಿದ್ರೆ ಮೊಣಕೈ ಮಡಚಿದ ಹಾಗೆ ಬಾಗಿ ಸುಮಾರು 0.55 ಆಗುತ್ತೆ, ನೀಲಿ ಬೆಳಕು ಬಿಟ್ರೆ ಮತ್ತೆ ನೆಟ್ಟಗಾಗುತ್ತೆ. ನೆಟ್ಟಗಿರೋವಾಗ ಅದು ಸೈಕ್ಲೋಡೆಕ್ಸ್‌ಟ್ರಿನ್ ಅನ್ನೋ ಸಕ್ಕರೆ ಬಳೆಯೊಳಗೆ ಸರಿಯಾಗಿ ಕೂರುತ್ತೆ, ಬಾಗಿದ್ರೆ ಜಾರಿ ಹೊರಗೆ ಬರುತ್ತೆ. ಆ ಬಳೆ ಮತ್ತು ಅಣುಗಳಿಂದಲೇ ಜೆಲ್ ಬಲೆ ಹೆಣೆದ್ರೆ ಬೆಳಕಿನ ಬಣ್ಣ ಬದಲಾಯಿಸಿ ಬಲೆ ಬಿಗಿ ಮಾಡೋದು ಸಡಿಲ ಮಾಡೋದು ಎರಡೂ ಆಗುತ್ತೆ. ಆನ್ ಆಫ್ ಅನ್ನೋ ಮಾತಿಗೆ ಸರಿಯಾಗಿ ಹೊಂದೋದು ಈ ದಾರಿಯೇ.

ಗಾಯದ ಕೆಲಸದಲ್ಲಿ ಈಗ ಹೆಚ್ಚು ಕಾಣೋದು ಬಿಸಿ ಮಾಡೋ ದಾರಿ. ಜೆಲ್ ಒಳಗೆ ಬೆಳಕನ್ನ ಬಿಸಿಯಾಗಿ ಬದಲಾಯಿಸೋ ಪದಾರ್ಥ ಸೇರಿಸ್ತಾರೆ, ಚಿನ್ನದ ನ್ಯಾನೋ ಕಡ್ಡಿ, ಪಾಲಿಪೈರೋಲ್, ಇಂಡೋಸಯನಿನ್ ಗ್ರೀನ್ ಅನ್ನೋ ಹಸಿರು ಡೈ, ಅಥವಾ ಪಾಲಿಡೋಪಮೀನ್. ಈ ಪಾಲಿಡೋಪಮೀನ್ ಕಥೆ ಚೆನ್ನಾಗಿದೆ, ಕಡಲ ಬಂಡೆಗೆ ಅಂಟಿಕೊಳ್ಳೋ ಮಸೆಲ್ ಚಿಪ್ಪು ಜೀವಿಯ ಅಂಟನ್ನ ನೋಡಿ 2007ರಲ್ಲಿ ಮಾಡಿದ ಕಪ್ಪು ಲೇಪ ಅದು, ಒದ್ದೆ ಮೇಲ್ಮೈಗೂ ಅಂಟುತ್ತೆ, ಬೆಳಕು ಹೀರಿ ಬಿಸಿನೂ ಆಗುತ್ತೆ. ಜೊತೆಗೆ ಬಿಸಿಗೆ ಸ್ಪಂದಿಸೋ ಪಾಲಿಮರ್ ಬೇಕು. ಪಿನಿಪಾಮ್ 32 ಡಿಗ್ರಿ ಆಸುಪಾಸಿನ ತನಕ ನೀರು ಕುಡಿದು ಉಬ್ಬಿರುತ್ತೆ, ಅದಕ್ಕಿಂತ ಬಿಸಿಯಾದ್ರೆ ಸ್ಪಂಜು ಹಿಂಡಿದ ಹಾಗೆ ಕುಗ್ಗಿ ನೀರಿನ ಜೊತೆ ಔಷಧೀನೂ ಹೊರಗೆ ತಳ್ಳುತ್ತೆ. ಮೈ ಬಿಸಿಯೇ ಅದಕ್ಕಿಂತ ಹೆಚ್ಚಿರೋದ್ರಿಂದ ಬೇರೆ ಅಣು ಸೇರಿಸಿ ಆ ಗಡೀನ 40ರ ಹತ್ತಿರಕ್ಕೆ ಏರಿಸಿಕೊಳ್ತಾರೆ.

ಇನ್ನೊಂದು, ಆಮ್ಲಜನಕದ ದಾರಿ. ಮೆಥಿಲೀನ್ ಬ್ಲೂ ಥರದ ಅಣುಗಳಿಗೆ ಕೆಂಪು ಬೆಳಕು ಬಿದ್ರೆ ಪಕ್ಕದ ಆಮ್ಲಜನಕ ಸಿಂಗ್ಲೆಟ್ ಆಕ್ಸಿಜನ್ ಅನ್ನೋ ತುಂಬಾ ಚುರುಕಾದ ರೂಪಕ್ಕೆ ಹೋಗುತ್ತೆ. ನೀರಲ್ಲಿ ಅದರ ಆಯಸ್ಸು ಕೆಲವೇ ಮೈಕ್ರೋಸೆಕೆಂಡ್, ಅಷ್ಟರಲ್ಲೇ ಪಕ್ಕದ ಬ್ಯಾಕ್ಟೀರಿಯಾ ಪೊರೆ ಸುಡುತ್ತೆ, ಥಯೋಕೀಟಾಲ್ ಥರದ ಕೊಂಡಿ ಇದ್ರೆ ಅದನ್ನೂ ಮುರಿದು ಔಷಧಿ ಬಿಡಿಸುತ್ತೆ. ಒಂದೇ ಬೆಳಕಲ್ಲಿ ಎರಡು ಕೆಲಸ. ಆದ್ರೆ ಆಮ್ಲಜನಕ ಇದ್ರೆ ತಾನೇ, ಮಾಯದ ಗಾಯದ ಆಳದಲ್ಲಿ ಕೊರತೆ ಇರೋದೇ ಅದರದ್ದು.

ಯಾವ ಬಣ್ಣದ ಬೆಳಕು ಬೇಕು? ಯಾವುದಾದ್ರೂ ಆಗಲ್ವಾ?

ಕತ್ತಲೆ ರೂಮಲ್ಲಿ ಮೊಬೈಲ್ ಟಾರ್ಚ್ ಆನ್ ಮಾಡಿ ಬೆರಳಿನ ತುದೀನ ಅದರ ಮೇಲೆ ಒತ್ತಿ ಹಿಡೀರಿ. ಬಿಟ್ಟಿದ್ದು ಬಿಳಿ ಬೆಳಕು, ಬೆರಳಿನ ಆಚೆ ಬರೋದು ಕೆಂಪು ಮಾತ್ರ. ನೀಲಿ ಹಸಿರು ಎಲ್ಲಾನೂ ರಕ್ತ ಮತ್ತೆ ಅಂಗಾಂಶ ನುಂಗಿಬಿಟ್ಟವು. ಇಡೀ ಕ್ಷೇತ್ರದ ತಲೆನೋವು ಆ ಒಂದು ಬೆರಳಲ್ಲೇ ಕಾಣುತ್ತೆ.

ಯುವಿ ಚರ್ಮದಲ್ಲಿ ಒಂದು ಮಿಲಿಮೀಟರ್‌ಗಿಂತ ಕಮ್ಮಿ ಇಳಿಯುತ್ತೆ. ಸುಮಾರು 650ರಿಂದ 950 ನ್ಯಾನೋಮೀಟರ್ ನಡುವಿನ ಕೆಂಪು ಮತ್ತು ಕೆಂಪಿನ ಆಚೆಗಿರೋ, ಕಣ್ಣಿಗೆ ಸರಿಯಾಗಿ ಕಾಣದ ಎನ್‌ಐಆರ್ ಬೆಳಕು ಹಲವು ಮಿಲಿಮೀಟರ್ ಹೋಗುತ್ತೆ. ಹಾಗಾದ್ರೆ ಎನ್‌ಐಆರ್ ಬಳಸಿ ಅಂತೀರಾ, ಅಲ್ಲೇ ಇರೋದು ಇಕ್ಕಟ್ಟು. 365 ನ್ಯಾನೋಮೀಟರ್‌ನ ಒಂದು ಫೋಟಾನ್, ಅಂದ್ರೆ ಬೆಳಕಿನ ಒಂದು ಕಣದ ಹತ್ರ 3.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ, 808ರ ಫೋಟಾನ್ ಹತ್ರ ಸುಮಾರು 1.5 ಮಾತ್ರ. ಆಳಕ್ಕೆ ಹೋಗೋ ಬೆಳಕಿಗೆ ಕೊಂಡಿ ಮುರಿಯೋ ಶಕ್ತಿ ಸಾಲಲ್ಲ, ಶಕ್ತಿ ಇರೋ ಬೆಳಕು ಆಳಕ್ಕೆ ಹೋಗಲ್ಲ. ಅದಕ್ಕೇ ಎನ್‌ಐಆರ್ ಅಂದ ಕೂಡ್ಲೇ ಬಹುಪಾಲು ಜನ ಬಿಸಿಯ ದಾರಿ ಹಿಡೀತಾರೆ. ಇಟರ್ಬಿಯಂ, ಥೂಲಿಯಂ ಅನ್ನೋ ಲೋಹ ಸೇರಿಸಿದ ಅಪ್‌ಕನ್ವರ್ಷನ್ ಕಣಗಳು 980ರ ಬೆಳಕನ್ನ ಒಟ್ಟುಗೂಡಿಸಿ ಯುವಿ ನೀಲಿ ಮಾಡಿ ಕೊಡ್ತವೆ, ಐಡಿಯಾ ಚೆನ್ನಾಗಿದೆ, ಆದ್ರೆ ಹಾಕಿದ ಬೆಳಕಲ್ಲಿ ಹಾಗೆ ಬದಲಾಗೋದು ತೀರಾ ಸ್ವಲ್ಪ, ಮೇಲಾಗಿ 980ನ್ನ ನೀರು ಹೀರಿ ಅಂಗಾಂಶ ಬಿಸಿ ಆಗುತ್ತೆ.

ಇಷ್ಟಾದ್ರೂ ಗಾಯಕ್ಕೆ ಒಂದು ಅನುಕೂಲ ಇದೆ, ಬೇರೆ ಕಾಯಿಲೆಗಳಿಗೆ ಇಲ್ಲದ್ದು. ಲಿವರ್ ಒಳಗಿನ ಗಡ್ಡೆಗೆ ಬೆಳಕು ತಲುಪಿಸೋದು ಕಷ್ಟ, ಗಾಯ ತೆರೆದೇ ಇರುತ್ತೆ, ಜೆಲ್ ಮೇಲೇ ಕೂತಿರುತ್ತೆ. ಹಾಗಾಗಿ ನೀಲಿ ಹಸಿರು ಬೆಳಕಿಗೂ ಇಲ್ಲಿ ಜಾಗ ಇದೆ.

ಬಿಸಿಲಿಗೋ ಟ್ಯೂಬ್‌ಲೈಟಿಗೋ ಔಷಧಿ ತಾನಾಗೇ ಹೊರಗೆ ಬಂದ್ಬಿಡಲ್ವಾ?

ಬರುತ್ತೆ. ಒಂದ್ಸಲ ನಾನು ಯುವಿಗೆ ಮುರಿಯೋ ಕೊಂಡಿ ಇರೋ ಜೆಲ್ ಬಿಲ್ಲೆಗಳನ್ನ ಮಾಡಿ, ಔಷಧಿ ಬದ್ಲು ಹಳದಿ ಹಸಿರು ಡೈ ತುಂಬಿ, ಅರ್ಧ ಬಿಲ್ಲೆಗಳಿಗೆ ಫಾಯಿಲ್ ಸುತ್ತಿ, ಉಳಿದ ಅರ್ಧ ಬೆಂಚಿನ ಮೇಲೆ ಕಿಟಕಿ ಪಕ್ಕ ಹಾಗೇ ಇಟ್ಟು ಮನೆಗೆ ಹೋಗಿದ್ದೆ, ಮಾರನೇ ದಿನ ಮಧ್ಯಾಹ್ನ ಬಂದು ನೋಡಿದ್ರೆ ಫಾಯಿಲ್ ಒಳಗಿನವು ನಿನ್ನೆ ಹೇಗಿದ್ವೋ ಹಾಗೇ ಇದ್ವು, ಬೆಂಚಿನ ಮೇಲಿನವುಗಳ ಸುತ್ತ ಇದ್ದ ನೀರು ಪೂರ್ತಿ ಹಳದಿಯಾಗಿ ಬಿಲ್ಲೆಗಳ ಅಂಚು ಮೆತ್ತಗೆ ಕರಗ್ತಾ ಇತ್ತು. ದೀಪ ನಾನು ಹಚ್ಚೇ ಇರ್ಲಿಲ್ಲ. ಕಿಟಕಿ ಗಾಜು ದಾಟಿ ಬಂದ ಹಗಲಿನ ಬೆಳಕೇ ಸಾಕಾಗಿತ್ತು. ಅವತ್ತಿಂದ ಯಾವುದೇ ವಿನ್ಯಾಸ ನೋಡಿದ್ರೂ ನನ್ನ ಮೊದಲ ಪ್ರಶ್ನೆ, ಬೆಳಕು ಬೇಡದ ಹೊತ್ತಲ್ಲಿ ಇದನ್ನ ಹೇಗೆ ಕಾಪಾಡ್ತೀರಿ ಅನ್ನೋದು.

ಜೆಲ್ ಮೇಲೆ ಬೆಳಕು ತಡೆಯೋ ಮುಚ್ಚಳ ಪಟ್ಟಿ ಹಾಕಬಹುದು. ಇಲ್ಲ ಹಗಲು ಬೆಳಕಿನ ಮಂದ ತೀವ್ರತೆಗೆ ಅಲುಗಾಡದ, ಹತ್ತಿರ ಹಿಡಿದ ದೀಪದ ತೀವ್ರತೆಗೆ ಮಾತ್ರ ಎಚ್ಚರಗೊಳ್ಳೋ ದಾರಿ ಆರಿಸಬಹುದು, ಬಿಸಿಯ ದಾರಿಯಲ್ಲಿ ಇದು ಸ್ವಲ್ಪ ಸುಲಭ, ಯಾಕಂದ್ರೆ ತಾಪ ಆ ಗಡಿ ಮುಟ್ಟದೇ ಪಾಲಿಮರ್ ಕುಗ್ಗಲ್ಲ.

ಏನೇನು ಔಷಧಿ ತುಂಬಬಹುದು?

ಆಂಟಿಬಯಾಟಿಕ್, ನೋವಿನ ಔಷಧಿ, ಬೆಳವಣಿಗೆಯ ಪ್ರೋಟೀನ್, ಬೆಳ್ಳಿಯ ಅಯಾನ್, ಜೀನ್ ತುಣುಕು, ಹೀಗೆ. ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲಾನೂ ಬಿಡಿಸ್ತಾರೆ, ಕಮ್ಮಿ ಇದ್ರೆ ಹೊಸ ರಕ್ತನಾಳ ಬೆಳೆಯೋಕೆ ನೆರವಾಗುತ್ತೆ, ಜಾಸ್ತಿ ಇದ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತೆ, ದೇಹದಲ್ಲಿ ಅದರ ಆಯಸ್ಸು ಸೆಕೆಂಡ್‌ಗಳ ಲೆಕ್ಕ ಆದ್ದರಿಂದ ಅಲ್ಲೇ ಹುಟ್ಟಿಸಿ ಅಲ್ಲೇ ಬಳಸಬೇಕು, ಬೆಳಕಿನ ಸ್ವಿಚ್‌ಗೆ ಇದಕ್ಕಿಂತ ಹೊಂದೋ ಔಷಧಿ ಕಮ್ಮಿ.

ಇಲ್ಲಿ ತುಂಬಾ ಜನ ಮರೆಯೋ ಒಂದು ವಿಷಯ ಹೇಳ್ಲೇಬೇಕು. ಔಷಧಿ ತಾನೇ ಆ ಬೆಳಕನ್ನ ತಡ್ಕೊಳ್ಳುತ್ತಾ? ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಯುವಿಗೆ ಹಾಳಾಗುತ್ತೆ. ಪ್ರೋಟೀನ್‌ಗಳು ಜಾಸ್ತಿ ಬಿಸಿಗೂ ಸಿಂಗ್ಲೆಟ್ ಆಕ್ಸಿಜನ್‌ಗೂ ಕೆಡ್ತವೆ. ಬೀಗ ಒಡೆಯೋಕೆ ಹೋಗಿ ಪೆಟ್ಟಿಗೆಯೊಳಗಿನ ಒಡವೇನೇ ಜಜ್ಜಿದ ಹಾಗೆ. ಎಷ್ಟು ಔಷಧಿ ಹೊರಗೆ ಬಂತು ಅಂತ ಅಳೆದ್ರೆ ಸಾಲಲ್ಲ, ಬಂದಿದ್ದು ಇನ್ನೂ ಕೆಲಸ ಮಾಡುತ್ತಾ ಅಂತಲೂ ಅಳೀಬೇಕು.

ಬೆಳಕಿನ ಬಿಸಿಗೆ ಗಾಯ ಇನ್ನಷ್ಟು ಸುಡಲ್ವಾ?

ಎಚ್ಚರ ತಪ್ಪಿದ್ರೆ ಖಂಡಿತ ಸುಡುತ್ತೆ. 40ರಿಂದ 42 ಡಿಗ್ರಿ ಸ್ವಲ್ಪ ಹೊತ್ತು ಇದ್ರೆ ಅಂಗಾಂಶ ತಡ್ಕೊಳ್ಳುತ್ತೆ, ರಕ್ತ ಸಂಚಾರಾನೂ ಚುರುಕಾಗುತ್ತೆ. 43 ದಾಟಿದ್ಮೇಲೆ ಪ್ರತಿ ಡಿಗ್ರಿಗೂ ಹಾನಿ ಆಗೋ ಹೊತ್ತು ಸುಮಾರು ಅರ್ಧಕ್ಕಿಳಿಯುತ್ತೆ. ಬರೀ ಬಿಸಿಯಿಂದಲೇ ಬ್ಯಾಕ್ಟೀರಿಯಾ ಕೊಲ್ಲೋಕೆ 50ರ ಆಸುಪಾಸು ಬೇಕಾಗುತ್ತೆ, ಅಷ್ಟು ಬಿಸಿ ಹೊಸ ಚರ್ಮಕ್ಕೆ ಆಗಲ್ಲ, ಅದಕ್ಕೇ ಹದವಾದ ಬಿಸಿ ಜೊತೆ ಔಷಧಿ ಸೇರಿಸೋದು ಬುದ್ಧಿವಂತಿಕೆ.

ಬೆಳಕಿನ ತೀವ್ರತೆಗೂ ಮಿತಿ ಇದೆ. 808 ನ್ಯಾನೋಮೀಟರ್ ಲೇಸರ್‌ಗೆ ಚರ್ಮದ ಮೇಲೆ ಸುರಕ್ಷಿತ ಮಿತಿ ಚದರ ಸೆಂಟಿಮೀಟರ್‌ಗೆ ಸುಮಾರು 0.33 ವ್ಯಾಟ್. ಎಷ್ಟೋ ಪ್ರಯೋಗಗಳಲ್ಲಿ 1 ವ್ಯಾಟ್, ಅದಕ್ಕೂ ಹೆಚ್ಚು ಬಳಸಿರ್ತಾರೆ. ಇಲಿ ಮೇಲೆ ಚೆನ್ನಾಗಿ ಕಾಣೋ ಫಲಿತಾಂಶ ಮನುಷ್ಯರ ಮಿತಿಯೊಳಗೆ ಬರುತ್ತಾ ಅನ್ನೋದನ್ನ ಆಮೇಲೆ ನೋಡಿದ್ರಾಯ್ತು ಅಂತ ಬಿಡೋದು ನಂಗೆ ಸರಿ ಕಾಣಲ್ಲ, ಮೊದಲ ದಿನವೇ ಆ ಮಿತಿಯೊಳಗೆ ವಿನ್ಯಾಸ ಮಾಡಬೇಕು. ಇನ್ನೂ ಒಂದು, ಸಕ್ಕರೆ ಕಾಯಿಲೆಯಲ್ಲಿ ಕಾಲಿನ ನರ ಸತ್ತು ಬಿಸಿ ತಾಗಿದ್ದೇ ಗೊತ್ತಾಗದೇ ಇರೋರು ಬಹಳ ಜನ. ಬಿಸಿಯಾಗ್ತಿದೆ ಅಂತ ರೋಗಿ ಹೇಳ್ತಾರೆ ಅನ್ನೋ ಭರವಸೆ ಅಲ್ಲಿ ನಡಿಯಲ್ಲ, ತಾಪ ಅಳೆಯೋ ಸಾಧನ ದೀಪದ ಜೊತೆಗೇ ಇರ್ಬೇಕು.

ಚರ್ಮದ ಬಣ್ಣ ಕಪ್ಪಾಗಿದ್ರೆ ವ್ಯತ್ಯಾಸ ಆಗುತ್ತಾ?

ಆಗುತ್ತೆ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಬೆಳಕು ಹೀರುತ್ತೆ, ಯುವಿ ನೀಲಿಯಲ್ಲಿ ಜಾಸ್ತಿ, ಎನ್‌ಐಆರ್‌ನಲ್ಲಿ ಕಮ್ಮಿ. ಕಪ್ಪು ಚರ್ಮದಲ್ಲಿ ಒಳಗೆ ತಲುಪೋ ಬೆಳಕು ಕಮ್ಮಿ, ಮೇಲ್ಪದರ ಬಿಸಿಯಾಗೋದು ಜಾಸ್ತಿ. ಬೆಳಕಿನಿಂದಲೇ ಕೆಲಸ ಮಾಡೋ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನ ಇರೋದಕ್ಕಿಂತ ಹೆಚ್ಚು ತೋರಿಸ್ತಿತ್ತು ಅನ್ನೋದು ಜಗತ್ತಿಗೆ ಸರಿಯಾಗಿ ಮುಟ್ಟೋಕೆ ಎಷ್ಟು ವರ್ಷ ಹಿಡೀತು. ಬರೀ ಬಿಳಿ ಇಲಿ ಮೇಲೆ ಲೆಕ್ಕ ಹಾಕಿದ ಬೆಳಕಿನ ಪ್ರಮಾಣವನ್ನ ಎಲ್ಲರಿಗೂ ಅನ್ವಯಿಸೋದು ಅದೇ ತಪ್ಪು.

ಬರೀ ಬೆಳಕೇ ಗಾಯ ವಾಸಿ ಮಾಡುತ್ತಂತಲ್ಲ, ಅದೂ ಇದೂ ಒಂದೇನಾ?

ಬೇರೆ ಬೇರೆ. ಬೆಳಕಿನ ಚಿಕಿತ್ಸೆಗೆ ಹಳೇ ಇತಿಹಾಸ ಇದೆ, ಚರ್ಮದ ಕ್ಷಯಕ್ಕೆ ಬೆಳಕು ಬಳಸಿದ್ದಕ್ಕೆ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಇಲಿಗಳಿಗೆ ಮಂದ ಲೇಸರ್ ಬಿಟ್ಟಾಗ ಬೋಳಿಸಿದ ಕೂದಲು ಬೇಗ ಬೆಳೆದಿದ್ದು ನೋಡಿದ್ರು, ಫೋಟೋಬಯೋಮಾಡ್ಯುಲೇಷನ್ ಅನ್ನೋದು ಅಲ್ಲಿಂದ ಶುರು. ಅದರಲ್ಲಿ ಬೆಳಕು ನೇರವಾಗಿ ಕೋಶದ ಮೇಲೆ ಕೆಲಸ ಮಾಡುತ್ತೆ, ನಮ್ಮ ವಿಷಯದಲ್ಲಿ ಬೆಳಕು ಬರೀ ಕೀಲಿ. ಆದ್ರೂ ಎರಡೂ ಬೆರೆತುಹೋಗೋ ಸಾಧ್ಯತೆ ಇರೋದ್ರಿಂದ ಪ್ರಯೋಗದಲ್ಲಿ ಬೆಳಕು ಮಾತ್ರ ಬಿಟ್ಟ ಗುಂಪು ಒಂದು ಇರ್ಲೇಬೇಕು.

ಔಷಧಿ ಖಾಲಿಯಾದ್ಮೇಲೆ ಪಾಲಿಮರ್ ಏನಾಗುತ್ತೆ?

ಕೆಲವು ಕರಗ್ತವೆ, ಪಿಎಲ್‌ಜಿಎ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲ ಆಗಿ ದೇಹದ ಮಾಮೂಲಿ ದಾರೀಲೇ ಹೋಗುತ್ತೆ. ಕೆಲವನ್ನ ಪಟ್ಟಿ ಜೊತೆ ತೆಗೀತಾರೆ. ಚಿಂತೆ ಇರೋದು ಉಳಿಕೆ ವಸ್ತುಗಳ ಬಗ್ಗೆ. ನೈಟ್ರೋಬೆಂಜೈಲ್ ಮುರಿದಾಗ ನೈಟ್ರೋಸೋ ಸಂಯುಕ್ತ ಉಳಿಯುತ್ತೆ, ಅದು ಸುಮ್ನೆ ಕೂರೋ ಜಾತಿ ಅಲ್ಲ. ಚಿನ್ನದ ಕಣ ಗಾಯದ ಮೂಲಕ ರಕ್ತಕ್ಕೆ ಹೋದ್ರೆ ಲಿವರ್, ಸ್ಪ್ಲೀನ್‌ನಲ್ಲಿ ಬಹಳ ಕಾಲ ಉಳೀಬಹುದು.

ಇಲಿಗಳಲ್ಲಿ ವಾಸಿ ಆಯ್ತು ಅಂತ ಓದ್ತೀವಿ, ನಮಗೆ ಯಾವಾಗ ಸಿಗುತ್ತೆ?

ಈ ಕೆಲಸದ ಬಹುಪಾಲು ಇನ್ನೂ ಲ್ಯಾಬ್ ಮತ್ತು ಪ್ರಾಣಿ ಪರೀಕ್ಷೆ ಹಂತದಲ್ಲೇ ಇದೆ. ಇಲಿ ಚರ್ಮದ ಕೆಳಗೆ ಒಂದು ತೆಳು ಸ್ನಾಯು ಪದರ ಇದೆ, ಗಾಯ ಆದ್ರೆ ಅದು ಚರ್ಮವನ್ನ ಎಳೆದು ಚೀಲದ ಬಾಯಿ ಬಿಗಿದ ಹಾಗೆ ಮುಚ್ಚಿಬಿಡುತ್ತೆ. ನಮ್ಮ ಗಾಯ ಹೆಚ್ಚಾಗಿ ಹೊಸ ಅಂಗಾಂಶ ತುಂಬಿ ಮೇಲೆ ಚರ್ಮ ಹರಡಿ ಮಾಯುತ್ತೆ. ಅದಕ್ಕೇ ಒಳ್ಳೆ ಪ್ರಯೋಗಗಳಲ್ಲಿ ಇಲಿ ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದು ಆ ಎಳೆತ ತಡೀತಾರೆ, ಇಲ್ಲ ನಮ್ಮ ಚರ್ಮಕ್ಕೆ ಹತ್ತಿರ ಇರೋ ಹಂದಿ ಚರ್ಮದಲ್ಲಿ ನೋಡ್ತಾರೆ. ಮೇಲಾಗಿ ಇದು ಔಷಧಿ, ಪಾಲಿಮರ್, ದೀಪ, ಮೂರೂ ಸೇರಿದ್ದು, ಒಪ್ಪಿಗೆ ಪಡೆಯೋ ದಾರಿಯೂ ಅಷ್ಟೇ ಉದ್ದ.

ಹಾಗಂತ ಬೆಳಕಿಗೆ ಎಚ್ಚರಗೊಳ್ಳೋ ಔಷಧಿ ಆಸ್ಪತ್ರೆಗೆ ಹೊಸತೇನಲ್ಲ. ಕಣ್ಣಿನ ರೆಟಿನಾ ಕಾಯಿಲೆಗೆ ವರ್ಟೆಪಾರ್ಫಿನ್ ಅನ್ನೋ ಔಷಧಿಗೆ ಎಫ್‌ಡಿಎ 2000ದಲ್ಲೇ ಒಪ್ಪಿಗೆ ಕೊಟ್ಟಿದೆ, ಕೈಯ ರಕ್ತನಾಳಕ್ಕೆ ಕೊಟ್ಟು ಕಣ್ಣಿಗೆ 689 ನ್ಯಾನೋಮೀಟರ್ ಬೆಳಕು ಬಿಡ್ತಾರೆ, ಆಮೇಲೆ ಐದು ದಿನ ರೋಗಿ ಬಿಸಿಲಿಂದ ದೂರ ಇರ್ಬೇಕು. ದಾರಿ ಇದೆ ಅನ್ನೋದಕ್ಕೆ ಅದು ಸಾಕ್ಷಿ.

ಕೆಂಪು ಎಲ್‌ಇಡಿ ತಗೊಂಡು ಮನೇಲೇ ಮುಲಾಮಿನ ಮೇಲೆ ಹಿಡೀಬಹುದಾ?

ದಯವಿಟ್ಟು ಬೇಡ. ಮಾಮೂಲಿ ಮುಲಾಮಿಗೆ ಬೆಳಕಿನ ಸ್ವಿಚ್ ಇರಲ್ಲ, ಕೆಲವು ಔಷಧಿ ಬೆಳಕಿಗೆ ಹಾಳಾಗುತ್ತೆ, ಇನ್ನು ಕೆಲವು ಔಷಧಿ ಬೆಳಕು ಬಿದ್ರೆ ಚರ್ಮವನ್ನ ಅಲರ್ಜಿ ಥರ ಸುಡುತ್ತೆ. ಎನ್‌ಐಆರ್ ಲೇಸರ್ ಕಣ್ಣಿಗೆ ಕಾಣಲ್ಲ, ಕಾಣದೇ ಇರೋದ್ರಿಂದ ರೆಪ್ಪೆ ಮುಚ್ಚಲ್ಲ, ರೆಟಿನಾ ಸುಟ್ಟು ಹೋಗೋದು ಹಾಗೇ. ನಿಮ್ಮ ಗಾಯ ನಾಲ್ಕು ವಾರ ಆದ್ರೂ ಮಾಯ್ತಾ ಇಲ್ಲ, ಕೀವು, ವಾಸನೆ, ಸುತ್ತ ಕೆಂಪು, ಜ್ವರ ಇದೆ ಅಂದ್ರೆ ಡಾಕ್ಟರ್ ಹತ್ರ ಹೋಗಿ, ಕಾಲಿನ ಗಾಯದ ಜೊತೆ ಸಕ್ಕರೆ ಕಾಯಿಲೆ ಇದ್ರಂತೂ ನಾಲ್ಕು ವಾರ ಕಾಯೋದೇ ಬೇಡ, ಕಂಡ ದಿನವೇ ಹೋಗಿ. ಸಕ್ಕರೆ ಹತೋಟಿ, ಗಾಯದ ಮೇಲೆ ಭಾರ ಬೀಳದ ಹಾಗೆ ನೋಡ್ಕೊಳ್ಳೋದು, ಸತ್ತ ಅಂಗಾಂಶ ತೆಗೆಸೋದು, ರಕ್ತ ಸಂಚಾರ ಪರೀಕ್ಷೆ, ಇವುಗಳ ಜಾಗಕ್ಕೆ ಯಾವ ಜೆಲ್ಲೂ ಬರಲ್ಲ.

ನಾನು ಸ್ಟೂಡೆಂಟ್, ಈ ವಿಷಯದ ಪೇಪರ್ ಓದುವಾಗ ಏನು ನೋಡ್ಬೇಕು?

ಗುಂಪುಗಳನ್ನ ನೋಡಿ. ಔಷಧಿ ಇಲ್ಲದ ಜೆಲ್ ಜೊತೆ ಬೆಳಕು, ಔಷಧಿ ಇರೋ ಜೆಲ್ ಕತ್ತಲಲ್ಲಿ, ಬೆಳಕು ಮಾತ್ರ, ಔಷಧಿ ಮಾತ್ರ, ಇವೆಲ್ಲ ಇಲ್ದೇ ಇದ್ರೆ ವಾಸಿ ಮಾಡಿದ್ದು ಯಾವುದು ಅಂತ ಹೇಳೋಕೇ ಆಗಲ್ಲ. ಆಮೇಲೆ ಕತ್ತಲಲ್ಲಿ ಎಷ್ಟು ಸೋರಿದೆ ನೋಡಿ, ಆ ಗ್ರಾಫನ್ನ ಬಹಳ ಜನ ಮೂಲೇಲಿ ಸಣ್ಣದಾಗಿ ಹಾಕಿರ್ತಾರೆ. ತೀವ್ರತೆ, ಹೊತ್ತು, ದೀಪದ ದೂರ ಮೂರೂ ಬರೆದಿದ್ದಾರಾ ನೋಡಿ, ಚದರ ಸೆಂಟಿಮೀಟರ್‌ಗೆ 0.3 ವ್ಯಾಟ್ ಐದು ನಿಮಿಷ ಅಂದ್ರೆ ಚದರ ಸೆಂಟಿಮೀಟರ್‌ಗೆ 90 ಜೂಲ್, ಈ ಲೆಕ್ಕ ನೀವೇ ಹಾಕಿ ಬೇರೆ ಪೇಪರ್ ಜೊತೆ ಹೋಲಿಸಿ. ಎರಡನೇ ಮೂರನೇ ಸಲ ಬೆಳಕು ಬಿಟ್ಟಾಗ್ಲೂ ಔಷಧಿ ಬಂತಾ ನೋಡಿ, ಒಂದೇ ಸಲಕ್ಕೆ ಖಾಲಿಯಾದ್ರೆ ಅದನ್ನ ಸ್ವಿಚ್ ಅನ್ನೋಕಾಗಲ್ಲ.

ಡ್ರೆಸ್ಸಿಂಗ್ ಮಾಡೋ ನರ್ಸ್‌ಗೆ ಇದರಿಂದ ಏನು ಅನುಕೂಲ?

ಈ ಪ್ರಶ್ನೆ ಕಮ್ಮಿ ಜನ ಕೇಳ್ತಾರೆ, ಕೇಳೋರು ಆ ಕೆಲಸ ಮಾಡೋರೇ. ಪಟ್ಟಿ ಬಿಚ್ಚೋ ಸಲ ಕಮ್ಮಿ ಆಗಬಹುದು, ಜೆಲ್ ಪಾರದರ್ಶಕ ಇದ್ರೆ ಬಿಚ್ಚದೇ ಗಾಯ ನೋಡಬಹುದು. ಇನ್ನೊಂದು ನಂಗೆ ತುಂಬಾ ಬೇಕು ಅನ್ಸೋದು ಏನಂದ್ರೆ, ಬೆಳಕಿಗೆ ಕರಗೋ ಕೊಂಡಿಗಳನ್ನ ಔಷಧಿಗೆ ಮಾತ್ರ ಅಲ್ಲ, ಜೆಲ್ ಗಾಯಕ್ಕೆ ಅಂಟಿಕೊಂಡಿರೋ ಅಡಿಯ ಪದರಕ್ಕೂ ಹಾಕಬಹುದು. ಆಗ ತೆಗೆಯೋ ದಿನ ಬಂದಾಗ ಎಳೆಯೋದೇ ಬೇಡ, ಸ್ವಲ್ಪ ಹೊತ್ತು ದೀಪ ಹಿಡಿದ್ರೆ ಅಂಟು ಬಿಟ್ಟು, ಅಡಿಯಲ್ಲಿರೋ ಗುಲಾಬಿ ಪೊರೆ ಅಲ್ಲೇ ಉಳ್ಕೊಂಡು, ಜೆಲ್ ಮಾತ್ರ ಸಲೈನ್ ಜೊತೆ ಜಾರಿ ಬರುತ್ತೆ.